ಭಾಷಾಂತರ ಪತ್ರಿಕೆಯಲ್ಲಿ ಎಂಬತ್ತೆಂಟು

ಪರದೇಶದ ಈ ಊರು ಬಾಥೆಲ್‌ನ ದೇವಸ್ಥಾನದ ಅಡುಗೆಮನೆಯಲ್ಲಿ ಶನಿವಾರ ಬೆಳಿಗ್ಗೆ ತರಕಾರಿ ಹೆಚ್ಚಲು ನಾವು ಐದಾರು ಹೆಂಗಸರು ಸೇರುತ್ತೇವೆ. ವಸಂತಲಕ್ಷ್ಮಿಯ ಪರಿಚಯ ನನಗಾದದ್ದು ಅಲ್ಲೇ, ಹುರುಳಿಕಾಯಿಯ ರಾಶಿಯ ಮುಂದೆ. ಅವಳು ಒಂದೊಂದು ಕಾಯನ್ನೂ ಒಂದೇ ಅಳತೆಗೆ ಹೆಚ್ಚುವವಳು. ತುದಿ ಬಾಡಿದ್ದರೆ, ನಡುವೆ ಚುಕ್ಕೆ ಕಂಡರೆ, ಕತ್ತರಿಸಿ ಬದಿಗಿಡುತ್ತಿದ್ದಳು.

"ಅಷ್ಟೆಲ್ಲ ತೆಗೆದ್ರೆ ಪಲ್ಯಕ್ಕೆ ಏನು ಉಳಿಯುತ್ತೆ ಲಾಯರಮ್ಮಾ?" ಎಂದು ನಮ್ಮ ಮಧುರಾ ಕೆಣಕುತ್ತಿದ್ದಳು.

"ಬೇಕಾದ್ದು ಉಳಿಯುತ್ತೆ ಬಿಡೇ" ಎನ್ನುತ್ತಿದ್ದಳು ಇವಳು, ತಲೆ ಎತ್ತದೆ.

ದಾವಣಗೆರೆಯ ಕೋರ್ಟಿನಲ್ಲಿ ಅವಳು ಒಂಬತ್ತು ವರ್ಷ ವಕೀಲಿ ಮಾಡಿದ್ದಳು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪರೀಕ್ಷೆ ಬರೆದು ಲಿಖಿತದಲ್ಲಿ ಪಾಸೂ ಆಗಿದ್ದಳು. ಆ ಪರೀಕ್ಷೆಯಲ್ಲಿ ಕಾನೂನಿನ ಪತ್ರಿಕೆಗಳ ಜೊತೆ ಭಾಷಾಂತರದ್ದೇ ಒಂದು ಪತ್ರಿಕೆ ಇರುತ್ತದಂತೆ. ಸಾಕ್ಷಿಗಳ ಹೇಳಿಕೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಅದರಲ್ಲಿ ಅವಳಿಗೆ ನೂರಕ್ಕೆ ಎಂಬತ್ತೆಂಟು. ಇನ್ನು ಉಳಿದದ್ದು ಸಂದರ್ಶನ ಒಂದೇ. ಅದರ ಪತ್ರ ಕೈಗೆ ಬಂದ ವಾರವೇ ಗಂಡ ಜಯಂತನಿಗೆ ಇಲ್ಲಿಯ ಕೆಲಸ ಖಾತ್ರಿಯಾಗಿ ಟಿಕೆಟ್ಟೂ ಬಂತು. "ಮುಂದಿನ ಸಲ ಕಟ್ಟಿದ್ರಾಯ್ತು" ಎಂದರಂತೆ ಮನೆಯವರೆಲ್ಲ. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿತ್ತು.

ಇಲ್ಲಿ ಆ ಓದು ಯಾವುದಕ್ಕೂ ಬರಲಿಲ್ಲ. ವಕೀಲಿ ಮಾಡಬೇಕೆಂದರೆ ಮತ್ತೆ ಕಾಲೇಜಿಗೆ ಹೋಗಬೇಕು. ಕೋರ್ಟಿನಲ್ಲಿ ದುಭಾಷಿಯಾದರೂ ಆಗೋಣವೆಂದು ಇಂಗ್ಲಿಷಿನ ಲಿಖಿತ ಪರೀಕ್ಷೆ ಬರೆದು ಪಾಸಾದಳು. ಕನ್ನಡದಲ್ಲಿ ಮಾತಾಡಿಸಿ ನೋಡುವ ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಕನ್ನಡ ಬಲ್ಲ ಪರೀಕ್ಷಕರು ಸಿಕ್ಕಿಲ್ಲವೆಂದು ಎರಡು ಸಲ ತಾರೀಖು ಕೊಟ್ಟು ಮುಂದೂಡಿದರು. ಅದು ಮುಗಿಯುವ ತನಕ ಅವಳ ಹೆಸರು ಕೋರ್ಟಿನ ದುಭಾಷಿಗಳ ಪಟ್ಟಿಯಲ್ಲಿ ಬರುವಂತಿಲ್ಲ.

ಹೀಗೆ ಕಾಯುತ್ತಲೇ ಅವಳಿಗೆ ಒಂದು ಹುಚ್ಚು ಹತ್ತಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ನ್ಯಾಯಾಧೀಶನ ಕುರ್ಚಿಗೆ ಯಾರು ಅರ್ಹರು, ಅವರಿಗೆ ಎಷ್ಟು ಕಾನೂನು ಬರಬೇಕಿತ್ತು, ಎಷ್ಟು ಕನ್ನಡ ಬರಬೇಕಿತ್ತು ಎಂದು ಹುಡುಕುವುದು. ಲೈಬ್ರರಿಯಲ್ಲಿ ಕೂತು ಹಳೆಯ ವರದಿಗಳನ್ನು ಕಂಪ್ಯೂಟರಿನಲ್ಲಿ ಓದಿ ಓದಿ ಆರು ನೋಟ್‌ಬುಕ್ ತುಂಬಿಸಿದ್ದಳು. ಕನ್ನಡದಲ್ಲಿ ಒಂದು ಪುಸ್ತಕ ಬರೆಯುವ ಆಸೆ. ತರಕಾರಿ ಹೆಚ್ಚುತ್ತಾ ನನಗೆ ಹೇಳುತ್ತಿದ್ದಳು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಮುಂದಿನದೆಲ್ಲ ನಾನೇ ಓದಿಕೊಂಡದ್ದು, ಇನ್ನೊಬ್ಬರ ಬಾಯಿಂದ ಕೇಳಿಕೊಂಡದ್ದು. ಹಾಗಾಗಿ ಕೇಳುವುದು ನನಗೆ ಬೇಸರವಿಲ್ಲ.

"ಸಾಹೇಬರಿಗೆ ಕನ್ನಡದ ಪರೀಕ್ಷೆ ಇರ್ತಿತ್ತು ಅಕ್ಕ. ಕೈಬರಹದ ಅರ್ಜಿ ಓದ್ಬೇಕು. ಭಾಷಾಂತರ ಮಾಡ್ಬೇಕು. ಆಮೇಲೆ ಒಬ್ಬ ಊರಿನವನ ಜೊತೆ ಮಾತಾಡಿ ತೋರಿಸ್ಬೇಕು. ಅವನಿಗೆ ಸಾಹೇಬನ ಕನ್ನಡ ಅರ್ಥ ಆದ್ರೆ ಸಾಹೇಬ ಪಾಸು."

"ಅವನು ಹೇಳಿದ್ದು ಸಾಹೇಬನಿಗೆ ಅರ್ಥ ಆಯ್ತಾ ಇಲ್ವಾ ನೋಡಬೇಡ್ವಾ?" ಎಂದೆ.

"ಅದನ್ನ ನೋಡೋರು ಯಾರು? ಪರೀಕ್ಷೆ ಮಾಡೋನೂ ಇನ್ನೊಬ್ಬ ಸಾಹೇಬನೇ!"

ನಾವಿಬ್ಬರೂ ನಕ್ಕೆವು. ಆಗ ಅವಳು ಇನ್ನೊಂದು ಮಾತು ಹೇಳಿದಳು. ಸಾಕ್ಷಿ ಹೇಳಿದ್ದನ್ನೆಲ್ಲ ಬರೆಯದೆ, ಅದರ ಸಾರವನ್ನಷ್ಟೇ ನ್ಯಾಯಾಧೀಶ ತನ್ನ ಭಾಷೆಯಲ್ಲಿ ಬರೆದುಕೊಳ್ಳುವ ರೂಢಿ ಆ ಕಾಲದಿಂದ ಬಂದದ್ದಂತೆ. "ನಾವೂ ಹಂಗೇ ಮಾಡೋದು. ಸಾಕ್ಷಿ ಕಟ್ಟೆ ಹತ್ತಿದೋನು ಅರ್ಧ ಗಂಟೆ ತನ್ನ ಎಮ್ಮೆ ಕಥೆ ಹೇಳ್ತಾನೆ. ನಮ್ಮ ಸಾಹೇಬ್ರು ಟೈಪಿಸ್ಟಿಗೆ ಎರಡೇ ಸಾಲು ಹೇಳ್ತಾರೆ, 'ನಾನು ವಾದಿಯನ್ನು ಬಲ್ಲೆ, ಜಮೀನು ಅವರ ಸ್ವಾಧೀನದಲ್ಲಿದೆ' ಅಂತ. ಕೆಲವು ಸಲ ನನ್ನನ್ನೇ ಕೇಳೋರು, 'ಏನಮ್ಮಾ, ಇವ್ನು ಹೇಳಿದ್ದರ ತಾತ್ಪರ್ಯ ಏನು?' ಅಂತ. ನಾನು ಹೇಳಿದ್ದೇ ದಾಖಲೆಗೆ ಹೋಗ್ತಿತ್ತು." ಹಾಗೆ ಹೇಳುವಾಗ ಅವಳ ಮುಖದಲ್ಲಿ ಬೆಳಕು ಬಂತು. ಇಷ್ಟು ವರ್ಷದಲ್ಲಿ ಆ ಬೆಳಕನ್ನು ನಾನು ಕಂಡದ್ದು ಕಡಿಮೆ.

ಹೋದ ಚಳಿಗಾಲದಲ್ಲಿ ಪ್ರೇಮಮ್ಮ ನಮ್ಮ ಅಡುಗೆಮನೆಗೆ ಬಂದರು. ಚಳ್ಳಕೆರೆ ಕಡೆಯ ಹಳ್ಳಿಯವರು. ಮಗಳು ಮಧುಶ್ರೀಯ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಮಧುಶ್ರೀಯ ಗಂಡ ಅಭಿಲಾಷ್ ಪ್ರೇಮಮ್ಮನ ಸ್ವಂತ ಅಣ್ಣ ನಾಗಲಿಂಗಪ್ಪನ ಮಗ. ಸೋದರ ಸಂಬಂಧ. ಮನೆ ಇದ್ದದ್ದು ಫ್ಯಾಕ್ಟೋರಿಯಾ ಎಂಬ ಬಡಾವಣೆಯಲ್ಲಿ. ಶನಿವಾರ ಅವನೇ ಕಾರಿನಲ್ಲಿ ಕರೆತಂದು ಬಿಡುತ್ತಿದ್ದ. "ಅತ್ತೇ, ಮಂಜು ಬಿದ್ದಿದೆ, ಜಾರುತ್ತೆ, ನೋಡ್ಕೊಂಡು ಇಳೀರಿ" ಎಂದು ಬಾಗಿಲು ಹಿಡಿದು ನಿಲ್ಲುತ್ತಿದ್ದ. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಿದ್ದೆ, ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದು.

ಪ್ರೇಮಮ್ಮ ಮಾತಾಡುತ್ತಿರಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಾ ಕೂತಿರುತ್ತಿದ್ದರು. ಐದನೆಯದೋ ಆರನೆಯದೋ ಶನಿವಾರ ನನ್ನ ಮುಂಗೈ ಹಿಡಿದು, "ನಿಮ್ಮ ತಾವ ಒಂದು ಮಾತು ಹೇಳ್ಲೇನವ್ವಾ?" ಎಂದರು. ಅಂದು ಅವರು ಹೇಳಿದ್ದನ್ನು ಕೇಳಿ ಮುಗಿಸುವಷ್ಟರಲ್ಲಿ ದೇವರ ಮಂಗಳಾರತಿಯೂ ಮುಗಿದುಹೋಗಿತ್ತು. ನಾನು ಅದನ್ನು ವಸಂತಲಕ್ಷ್ಮಿಗೆ ಹೇಳಿದೆ. ನಾನೇ ಹೇಳಿದ್ದು. ಇದನ್ನು ಬರೆಯುವಾಗ ಆ ಭಾಗವನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮಧುಶ್ರೀ, ಐದು ವರ್ಷದ ಮಗಳು ಸ್ಪಂದನಾ ಮತ್ತು ಪ್ರೇಮಮ್ಮ ಮೂವರೂ ಮಧುರಾಳ ಮನೆಯ ಕೆಳಗಿನ ಕೋಣೆಗೆ ಬಂದರು. ಉಚಿತವಾಗಿ ವಾದಿಸುವ ಒಬ್ಬ ವಕೀಲೆ ಸಿಕ್ಕಳು. ಗಂಡ ಹತ್ತಿರ ಬರಕೂಡದೆಂದು ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿತು. ಅದು ಒಂದು ವರ್ಷದ ಆದೇಶವಾಗಬೇಕಿದ್ದರೆ ವಿಚಾರಣೆ ಆಗಬೇಕು. ಪೊಲೀಸರಿಗೆ ಯಾರೂ ದೂರು ಕೊಟ್ಟಿರಲಿಲ್ಲ, ಗಾಯದ ಫೋಟೋ ಇರಲಿಲ್ಲ. ಅವನು ಹೆಂಡತಿಯ ಮೇಲೆ ಕೈ ಮಾಡಿದ್ದನ್ನು ಕಣ್ಣಾರೆ ಕಂಡವರು ಪ್ರೇಮಮ್ಮ ಒಬ್ಬರೇ. ಅವರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಪಟ್ಟಿಯಲ್ಲಿದ್ದ ಕನ್ನಡ ದುಭಾಷಿ ಬೇರೆ ರಾಜ್ಯದವರು. ಅವರಿಗೆ ಬಿಡುವಿಲ್ಲವೆಂದು ವಿಚಾರಣೆ ಎರಡು ಸಲ ಮುಂದೆ ಹೋಯಿತು. ಪ್ರೇಮಮ್ಮ ದೇಶ ಬಿಡಬೇಕಾದ ದಿನಕ್ಕೆ ಹತ್ತೇ ದಿನ ಉಳಿದಿತ್ತು. ಮೂರನೆಯ ಸಲ ವಕೀಲೆ ವಸಂತಲಕ್ಷ್ಮಿಯ ಹೆಸರು ಹೇಳಿದಳು.

ಆ ದಿನ ಅವಳು ಕರಿಯ ಕೋಟು ಹಾಕಿಕೊಂಡು ಬಂದಿದ್ದಳು. ದಾವಣಗೆರೆಯದ್ದೇ. "ಪೆಟ್ಟಿಗೇಲಿತ್ತು ಅಕ್ಕ" ಎಂದು ನಾಚಿಕೊಂಡಳು. ಮಧುಶ್ರೀ ಅವಳ ಕಾಲು ಮುಟ್ಟಲು ಬಂದರೆ, "ಏಯ್, ಬೇಡಮ್ಮಾ, ಮೊದಲು ಮುಗೀಲಿ" ಎಂದು ಹಿಂದೆ ಸರಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ನ್ಯಾಯಾಧೀಶರು ಹೆಂಗಸು, ನನ್ನ ವಯಸ್ಸಿನವರು. ಮೊದಲು ವಸಂತಲಕ್ಷ್ಮಿಯನ್ನೇ ಪ್ರಶ್ನೆ ಕೇಳಿದರು. ಕನ್ನಡ ಎಲ್ಲಿ ಕಲಿತಿರಿ, ಕಾನೂನು ಎಲ್ಲಿ ಓದಿದಿರಿ, ಯಾವ ಪರೀಕ್ಷೆ ಪಾಸಾಗಿದ್ದೀರಿ. ಅವಳು ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಭಾಷಾಂತರದ ಎಂಬತ್ತೆಂಟನ್ನೂ ಹೇಳಿದಳು. ಎದುರು ಪಕ್ಷದ ವಕೀಲ ಆಕ್ಷೇಪಣೆ ಇಲ್ಲವೆಂದ. ನ್ಯಾಯಾಧೀಶರು ತಲೆಯಾಡಿಸಿ, ಈ ವಿಚಾರಣೆಯ ಮಟ್ಟಿಗೆ ಇವರು ಅರ್ಹರು ಎಂದು ಬರೆಸಿದರು. ಹನ್ನೊಂದು ವರ್ಷದ ನಂತರ ಯಾರೋ ಅವಳಿಗೆ ಆ ಮಾತು ಹೇಳಿದ್ದು. ಅವಳು ಬಲಗೈ ಎತ್ತಿ ಪ್ರಮಾಣ ಮಾಡಿದಳು, ಕೇಳಿದ್ದನ್ನು ಕೇಳಿದಂತೆಯೇ ಹೇಳುತ್ತೇನೆಂದು.

ನೀವು ಏನು ಕಂಡಿರಿ ಎಂದು ಪ್ರೇಮಮ್ಮನನ್ನು ಕೇಳಿದರು. ಪ್ರೇಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ವಸಂತಲಕ್ಷ್ಮಿಯ ಮುಖ ನೋಡುತ್ತಾ ಹೇಳಿದರು:

"ನಾನು ಬಟ್ಟೆ ಮಡಸ್ತಿದ್ದೆ ತಾಯಿ. ಮಿಕ್ಸಿ ಸದ್ದು ನಿಂತೋತು. ನಿಂತಿದ್ದಕ್ಕೇ ನಂಗೆ ತಿಳೀತು. ಈ ಕೂಸು ಬಂದು ನನ್ನ ಸೆರಗು ಹಿಡ್ಕಂತು. ಬಾಯಿಬಿಟ್ಟು ಅಳಲ್ಲ ಅದು, ರೂಢಿ ಆಗೈತೆ. ನಿಂತಲ್ಲೇ ಉಚ್ಚೆ ಹೊಯ್ಕಂತು. ಸೆರಗು ಬಿಡ್ಲಿಲ್ಲ, ಅದನ್ನ ಎಳ್ಕಂಡೇ ಹೋದೆ. ಫ್ರಿಜ್ಜಿನ ತಾವ ನನ್ನ ಮಗಳ ಕುತ್ಗೆ ಹಿಡ್ಕಂಡಿದ್ದ. ಅವಳ ಕಾಲು ಹಿಂಗೆ, ಬೆರಳ ತುದಿ ಮ್ಯಾಲೆ ನಿಂತಿದ್ವು. ನಾನು ಒಳಕ್ಕೆ ಹೋಗ್ಲಿಲ್ಲ. ಅವನು ಹುಟ್ಟಿದಾಗ ಮೊದ್ಲು ಎತ್ಕಂಡೋಳು ನಾನು. ಆ ಕೈಗೆ ಬೆಳ್ಳಿ ಕಡಗ ಹಾಕ್ದೋಳು ನಾನು. ಆ ಕೈಯೇ ನೋಡ್ಕಂತ ನಿಂತ್ಕಂಡೆ. ಕೂಗಿದ್ರೆ ಇನ್ನೂ ಬಿಗಿ ಮಾಡ್ತಾನೇನೋ ಅಂತ ಅಂಜಿಕೆ. ನಮ್ಮಣ್ಣಗೆ ಏನು ಮುಖ ತೋರಿಸ್ಲಿ ಅಂತ ಒಂದು ಅಂಜಿಕೆ. ಮಗಳಿಗಿಂತ ಅಣ್ಣ ಹೆಚ್ಚಾದ್ನಾ ನಂಗೆ? ಅದೇ ತಾಯಿ, ಅದೇ ನನ್ನ ತಿಂತೈತೆ."

ಅಷ್ಟು ಹೊತ್ತು ಅವರು ನಿಲ್ಲಿಸಲಿಲ್ಲ. ವಸಂತಲಕ್ಷ್ಮಿ ಕಣ್ಣು ಅರ್ಧ ಮುಚ್ಚಿ ಕೇಳಿದಳು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು. ಅದರ ಅರ್ಥ ಇಷ್ಟು: "ಆ ದಿನ ನಾನು ಮನೆಯಲ್ಲಿದ್ದೆ. ಪ್ರತಿವಾದಿಯು ಅಡುಗೆಮನೆಯಲ್ಲಿ ಅರ್ಜಿದಾರಳ ಕುತ್ತಿಗೆ ಹಿಡಿದಿದ್ದನ್ನು ಕಣ್ಣಾರೆ ಕಂಡೆ. ನಾನು ಮಧ್ಯೆ ಪ್ರವೇಶಿಸಲಿಲ್ಲ."

ಎಷ್ಟು ಅಚ್ಚುಕಟ್ಟು ಎಂದುಕೊಂಡೆ ನಾನು. ಒಂದು ಮಾತು ಹೆಚ್ಚಿಲ್ಲ. ದೇವರೇ, ಆ ಕ್ಷಣದಲ್ಲಿ ನನಗೂ ಹೆಮ್ಮೆಯಾಯಿತು.

ಎದುರು ಮೇಜಿನಲ್ಲಿದ್ದ ಅಭಿಲಾಷ್ ತನ್ನ ಮುಂದಿನ ಹಳದಿ ಕಾಗದದ ಮೇಲೆ ಏನೋ ಗೀಚಿ ತನ್ನ ವಕೀಲನ ಕಡೆ ಸರಿಸಿದ. ಆ ಕೋಣೆಯಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಬಲ್ಲವನು ಅವನೊಬ್ಬ. ವಕೀಲ ಎದ್ದು ನಿಂತ. ಸಾಕ್ಷಿ ನಾಲ್ಕು ನಿಮಿಷ ಮಾತಾಡಿದರು, ನಮಗೆ ಸಿಕ್ಕದ್ದು ಮೂರು ವಾಕ್ಯ, ನನ್ನ ಕಕ್ಷಿದಾರರ ಪ್ರಕಾರ ದುಭಾಷಿ ಬಹಳಷ್ಟನ್ನು ಬಿಟ್ಟಿದ್ದಾರೆ ಎಂದ.

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು, "ಹೌದೇ? ಏನನ್ನಾದರೂ ಬಿಟ್ಟಿದ್ದೀರಾ?"

ಅವಳು ಸುಳ್ಳು ಹೇಳುವವಳಲ್ಲ. ಪ್ರಮಾಣವನ್ನೂ ಮಾಡಿದ್ದಳು. "ಪ್ರಕರಣಕ್ಕೆ ಸಂಬಂಧಪಟ್ಟದ್ದನ್ನೆಲ್ಲ ಹೇಳಿದ್ದೇನೆ. ಉಳಿದದ್ದು ಸಾಕ್ಷಿಯ ದುಃಖ, ಮನೆತನದ ವಿಷಯ" ಎಂದಳು.

"ಯಾವುದು ಸಂಬಂಧಪಟ್ಟದ್ದು ಎಂದು ತೀರ್ಮಾನಿಸುವುದು ನನ್ನ ಕೆಲಸ" ಎಂದರು ನ್ಯಾಯಾಧೀಶರು. ದನಿಯಲ್ಲಿ ಕೋಪವಿರಲಿಲ್ಲ. "ಅದು ನಿಮ್ಮದಲ್ಲ."

ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಕೋಟಿನ ಹೆಗಲು ಸ್ವಲ್ಪ ಕುಸಿದದ್ದನ್ನು ನೋಡಿದೆ. "ಮತ್ತೊಮ್ಮೆ ಪೂರ್ತಿ ಹೇಳಲು ಅವಕಾಶ ಕೊಡಿ, ಒಂದು ಮಾತೂ ಬಿಡುವುದಿಲ್ಲ" ಎಂದು ಕೇಳಿದಳು. ಎದುರು ವಕೀಲ ಒಪ್ಪಲಿಲ್ಲ. ನ್ಯಾಯಾಧೀಶರು ಪ್ರೇಮಮ್ಮನ ಹೇಳಿಕೆಯನ್ನು ದಾಖಲೆಯಿಂದ ತೆಗೆದುಹಾಕಿದರು. ಮೂರು ವಾರದ ನಂತರ, ಪಟ್ಟಿಯಲ್ಲಿರುವ ದುಭಾಷಿಯೊಡನೆ ವಿಚಾರಣೆ. ಅಷ್ಟರೊಳಗೆ ಸಾಕ್ಷಿ ಊರಿಗೆ ಹೋಗಬೇಕಾದರೆ ಅಲ್ಲಿಂದ ಫೋನಿನಲ್ಲೇ ಹೇಳಬಹುದು.

ಫೋನಿನಲ್ಲಿ ಆಗುತ್ತದೆಂದ ಮೇಲೆ ಯಾರೂ ಹೆಚ್ಚು ಚಿಂತೆ ಮಾಡಲಿಲ್ಲ. ವಕೀಲೆಗೆ ಆ ಊರು ಗೊತ್ತಿಲ್ಲ. ಗೊತ್ತಿದ್ದ ನಾವು ಯೋಚಿಸಬೇಕಿತ್ತು.

ಪ್ರೇಮಮ್ಮನನ್ನು ವಿಮಾನ ಹತ್ತಿಸಲು ವಸಂತಲಕ್ಷ್ಮಿಯೂ ನಾನೂ ಹೋದೆವು. ಒಳಗೆ ಹೋಗುವ ಮುಂಚೆ ಪ್ರೇಮಮ್ಮ ಅವಳ ಗಲ್ಲ ಸವರಿ ಲಟಿಕೆ ಮುರಿದರು.

"ಎಷ್ಟು ಚೆಂದ ಹೇಳ್ದೆ ಕಣವ್ವಾ ಅವತ್ತು. ನಾನು ಹೇಳಿದ್ದಕ್ಕಿಂತ ಚೆಂದ. ನಂದು ಬರೇ ವಟವಟ."

"ಅಲ್ಲ ಅಮ್ಮಾ, ನೀವು ಹೇಳಿದ್ದೇ…" ಎಂದವಳು ಅವರ ಚೀಲದ ಜಿಪ್ಪನ್ನು ಎಳೆಯುತ್ತಾ ನಿಂತಳು. ಅದು ಆಗಲೇ ಮುಚ್ಚಿತ್ತು. ಆಮೇಲೆ, "ಫೋನ್ ಬಂದಾಗ ಅದನ್ನೇ ಹೇಳಿ. ಹಂಗೇ ಹೇಳಿ. ಒಂದೂ ಬಿಡ್ಬೇಡಿ" ಎಂದಳು.

"ಹೇಳ್ತೀನಿ ಬಿಡು. ಹೊಟ್ಟೇಲಿರೋದು ಎಲ್ಲಿಗೆ ಹೋಗ್ತೈತೆ."

ವಿಚಾರಣೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟು ಚಳ್ಳಕೆರೆಗೆ ಫೋನು ಹಚ್ಚಿತು. ಅಲ್ಲಿ ರಾತ್ರಿಯ ಊಟ ಮುಗಿದ ಹೊತ್ತು. ವಸಂತಲಕ್ಷ್ಮಿ ನನ್ನ ಪಕ್ಕದಲ್ಲಿ ಹಿಂದಿನ ಬೆಂಚಿನಲ್ಲಿದ್ದಳು, ಸೀರೆಯಲ್ಲಿ. ದುಭಾಷಿ ಯಾವುದೋ ರಾಜ್ಯದಿಂದ ಮಾತಾಡುವ ಗಂಡಸು. ಸ್ಪೀಕರಿನಲ್ಲಿ ಪ್ರೇಮಮ್ಮನ "ಹಲೋ" ಕೇಳಿತು. ಅವರ ಹಿಂದೆ ಕುರ್ಚಿ ಎಳೆದ ಸದ್ದು, ಒಬ್ಬ ಗಂಡಸಿನ ಕೆಮ್ಮು.

"ಮಾವ" ಎಂದು ಮಧುಶ್ರೀ ಮೆಲ್ಲಗೆ ಅಂದಳು. ಅಭಿಲಾಷನ ಅಪ್ಪ ನಾಗಲಿಂಗಪ್ಪ. ಆ ಕೆಮ್ಮನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು.

ಏನು ಕಂಡಿರಿ ಎಂದು ಕೇಳಿದರು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ. ಲೈನು ಹೋಯಿತೆಂದುಕೊಂಡು ಆತ ಮತ್ತೆ ಕೇಳಿದ.

"ನಂಗೇನೂ ಗೊತ್ತಿಲ್ಲ ಸ್ವಾಮಿ" ಎಂದಿತು ಪ್ರೇಮಮ್ಮನ ದನಿ. "ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರ್ತೈತೆ, ಹೋಗ್ತೈತೆ. ನಾನು ಏನೂ ನೋಡಿಲ್ಲ."

ದುಭಾಷಿ ಒಂದಕ್ಷರವನ್ನೂ ಬಿಡದೆ, ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದ. 'ಸ್ವಾಮಿ'ಯನ್ನೂ ಬಿಡಲಿಲ್ಲ. ಅದು ದಾಖಲೆಯಾಯಿತು.

ವಸಂತಲಕ್ಷ್ಮಿ ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಅವಳ ಉಗುರು ಚುಚ್ಚಿದ ಗುರುತು ಸಂಜೆಯವರೆಗೂ ಇತ್ತು. ಸಾಕ್ಷ್ಯ ಸಾಲದೆಂದು ಅರ್ಜಿ ವಜಾ ಆಯಿತು. ತಾತ್ಕಾಲಿಕ ಆದೇಶ ಆ ಮಧ್ಯಾಹ್ನಕ್ಕೇ ಮುಗಿಯಿತು.

ಮಧುಶ್ರೀ ಎರಡು ವಾರ ಮಧುರಾಳ ಮನೆಯಲ್ಲೇ ಇದ್ದಳು. ದಿನವೂ ಊರಿನಿಂದ ಫೋನು. ಅವಳು ಇಲ್ಲಿರುವುದೇ ಗಂಡನ ವೀಸಾದ ಮೇಲೆ. ನಾಗಲಿಂಗಪ್ಪ ವಿಡಿಯೋ ಕಾಲಿನಲ್ಲಿ ಮನೆದೇವರ ಪಟದ ಮುಂದೆ ಮಗನಿಂದ ಇನ್ನು ಕೈ ಎತ್ತುವುದಿಲ್ಲವೆಂದು ಆಣೆ ಮಾಡಿಸಿದರಂತೆ. ಅದನ್ನು ನೋಡಿ ಪ್ರೇಮಮ್ಮ ಅತ್ತರಂತೆ. "ಹೋಗ್ಬೇಡ್ವೇ" ಎಂದು ಮಧುರಾ ಬಾಗಿಲಿಗೆ ಅಡ್ಡ ನಿಂತಳು. "ಆಂಟೀ, ಇನ್ನು ನಾನು ಹೇಳೋದನ್ನ ಯಾರು ಕೇಳ್ತಾರೆ?" ಎಂದು ಕೇಳಿ ಮಧುಶ್ರೀ ಮಗುವಿನ ಶೂ ಕಟ್ಟಿದಳಂತೆ. ಅಭಿಲಾಷ್ ಕಾರಿನ ಬಾಗಿಲು ಹಿಡಿದು ನಿಂತಿದ್ದನಂತೆ.

ವಸಂತಲಕ್ಷ್ಮಿ ಎರಡು ತಿಂಗಳು ದೇವಸ್ಥಾನದ ಕಡೆ ಬರಲಿಲ್ಲ. ನಾನೇ ಅವಳ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಕಾಗದಗಳಿದ್ದವು. ಸಾಹೇಬರ ನೋಟ್‌ಬುಕ್ಕುಗಳಲ್ಲ. ಪ್ರೇಮಮ್ಮ ಕೋರ್ಟಿನಲ್ಲಿ ಹೇಳಿದ್ದನ್ನು ನೆನಪಿನಿಂದ ಬರೆದಿದ್ದಳು, ಅವರದ್ದೇ ಮಾತಿನಲ್ಲಿ, ಮಿಕ್ಸಿ ನಿಂತದ್ದರಿಂದ ಹಿಡಿದು. ಮೇಲೆ ನಾನು ಬರೆದಿರುವ ಪ್ರೇಮಮ್ಮನ ಮಾತುಗಳು ಆ ಕಾಗದದವೇ. ಕೆಳಗೆ ಇಂಗ್ಲಿಷು. ಇಂಗ್ಲಿಷಿನಲ್ಲಿ ಹೊಡೆದುಹಾಕಿ ಹೊಡೆದುಹಾಕಿ ಏಳೆಂಟು ಸಲ ತಿದ್ದಿದ್ದಳು.

"ಬೆಳ್ಳಿ ಕಡಗ ಬಂದಿದ್ರೆ ಸಾಕಿತ್ತು ಅಕ್ಕ" ಎಂದಳು. "ಆ ಮಗು ಸೆರಗು ಹಿಡಿದಿದ್ದು ಬಂದಿದ್ರೆ ಸಾಕಿತ್ತು. ಆ ಜಡ್ಜಮ್ಮ ಕೇಳ್ಕೊಂಡು ಕೂತಿದ್ರು. ಎಮ್ಮೆ ಕಥೆ ಅಂತ ನಾನೇ ತೆಗೆದುಬಿಟ್ಟೆ. ಆ ಹೆಂಗಸಿಗೆ ಬಾಯಿ ಬಂದಿದ್ದು ಅವತ್ತು ಒಂದೇ ದಿನ."

ಬೆಳಿಗ್ಗೆ ದೀಪ ಹಚ್ಚುವಾಗ ಯಾಕೆ ಹೀಗಾಯಿತೆಂದು ದೇವರನ್ನು ನಾನೂ ಕೇಳುತ್ತೇನೆ. ಅವಳು ಮಾಡಿದ ಕಾಫಿ ಕುಡಿದು ಲೋಟ ತೊಳೆದಿಟ್ಟೆ.

ಹೊರಡುವಾಗ ಅವಳು ಫೋನು ತೆಗೆದು ಒಂದು ಇಮೇಲ್ ತೋರಿಸಿದಳು. ಕನ್ನಡದ ಪರೀಕ್ಷಕರು ಸಿಕ್ಕಿದ್ದಾರೆ, ಮಾತಿನ ಪರೀಕ್ಷೆಗೆ ತಾರೀಖು ನಿಗದಿಯಾಗಿದೆ ಎಂದಿತ್ತು.

"ಹೋಗ್ತೀಯಾ?" ಎಂದೆ.

"ಹೋದ್ರೆ ಪಾಸಾಗ್ತೀನಿ ಅಕ್ಕ" ಎಂದಳು. "ಅದೇ ಭಯ."

ದಸರೆಯ ಮರುವಾರ ಮಧುಶ್ರೀ ಗಂಡನೊಡನೆ ದೇವಸ್ಥಾನಕ್ಕೆ ಬಂದಳು. ಹೊಸ ಚೂಡಿದಾರ, ಕುತ್ತಿಗೆಗೆ ದುಪಟ್ಟ ಸುತ್ತಿತ್ತು. ಪ್ರಸಾದ ಬಡಿಸುವ ಸರದಿ ನಮ್ಮದು. ವಸಂತಲಕ್ಷ್ಮಿ ಬಹಳ ದಿನದ ಮೇಲೆ ಅಂದೇ ಬಂದಿದ್ದಳು, ಪುಳಿಯೋಗರೆಯ ಪಾತ್ರೆಯ ಮುಂದೆ ನಿಂತಿದ್ದಳು. ಅಭಿಲಾಷ್ ತಟ್ಟೆ ಚಾಚಿ, "ನಮಸ್ಕಾರ ಮೇಡಂ, ಚೆನ್ನಾಗಿದೀರಾ?" ಎಂದ. ಅವಳು ಬಡಿಸಿದಳು. ಮಧುಶ್ರೀ ತಲೆ ತಗ್ಗಿಸಿಯೇ ತಟ್ಟೆ ಹಿಡಿದಳು. ಅವಳಿಗೂ ಬಡಿಸಿದಳು.

ಸ್ಪಂದನಾ ಅಮ್ಮನ ದುಪಟ್ಟದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನಾನು ಬಾಗಿ ದೊನ್ನೆಯಲ್ಲಿ ಕೇಸರಿಭಾತು ಕೊಟ್ಟೆ. ಒಂದು ಕೈಯಲ್ಲಿ ತೆಗೆದುಕೊಂಡಳು. ಇನ್ನೊಂದು ಕೈ ಬಿಡಲಿಲ್ಲ.